ಕುಡುಕ ಕಾರು

"ಮೇಸ್ತ್ರಿ, ಮೈಲೇಜೇ ಬರ್ತಿಲ್ಲ ಕಣಯ್ಯಾ."

"ಟೈರಿಗೆ ಗಾಳಿ ಹಾಕ್ಸಿದ್ರಾ ಸಾರ್?"

"ಹಾಕ್ಸಿದೆ. ಏರ್ ಫಿಲ್ಟರೂ ಹೊಸದು."

"ಬೇಡದ ಭಾರ ಇಳಿಸಿ."

"ಡಿಕ್ಕಿ ಖಾಲಿ. ಉಳಿದಿರೋ ಭಾರ ಇಎಂಐ ಒಂದೇ."

"ಹಂಗಾದ್ರೆ ಟಾಪ್ ಗೇರ್‌ನಲ್ಲಿ ಒಂದೇ ಸಮ 50ರಲ್ಲಿ ಓಡಿಸಿ."

"ಸಿಲ್ಕ್ ಬೋರ್ಡ್ ಜಾಮಿನಲ್ಲಾ?"

"ಅಲ್ಲಿ ಇಂಜಿನ್ ಆಫ್ ಮಾಡ್ಬಿಡಿ."

"ಮಾಡ್ದೆ. ನಿಂತಲ್ಲೇ ಒಂದು ನಿದ್ದೆಯೂ ಮಾಡ್ದೆ."

"ಪೆಟ್ರೋಲ್ ಯಾವ್ದು ಸಾರ್?"

"ಬಂಕಿನವನು ಕೊಟ್ಟಿದ್ದು. ಇ20 ಅಂತೆ."

"ಹಾಂ! ನೂರಕ್ಕೆ 20 ಪಾಲು ಎಥನಾಲ್. ಕಬ್ಬು, ಮೆಕ್ಕೆಜೋಳದಿಂದ ಇಳಿಸಿದ ಮದ್ಯಸಾರ."

(ಕಾರಿನ ಯಜಮಾನ ರಾಯರದು ಏಕಾದಶಿ ತಪ್ಪಿಸದ ಮನೆತನ. ಒಂದು ಹೆಜ್ಜೆ ಹಿಂದೆ ಸರಿದರು.)

"ಶಿವಶಿವಾ, ನಮ್ಮನೇಲಿ ಯಾರೂ ಮುಟ್ಟೋಲ್ಲಪ್ಪ!"

"ಕಾರು ಮುಟ್ತಿದೆಯಲ್ಲ ಸಾರ್. ಪೆಟ್ರೋಲಿನಷ್ಟು ಶಕ್ತಿ ಅದ್ರಲ್ಲಿಲ್ಲ. ಅದಕ್ಕೇ ಮೈಲೇಜ್ ಒಂಚೂರು ಇಳಿಯುತ್ತೆ."

"ಹಂಗಾದ್ರೆ ರೇಟೂ ಒಂಚೂರು ಇಳೀಬೇಕಲ್ಲ?"

"ಮದ್ಯ ಎಲ್ಲಾದ್ರೂ ಇಳಿಯುತ್ತಾ ಸಾರ್? ಏರೋದೇ ಅದರ ಗುಣ."

"ಅದಿರ್ಲಿ. ರಾತ್ರಿ ಪೊಲೀಸರು ಅಡ್ಡ ಹಾಕಿ 'ಊದಿ' ಅಂದ್ರೆ ನಾನು ಊದ್ಲೋ, ಸೈಲೆನ್ಸರ್ ತೋರಿಸ್ಲೋ?"