ಮುನ್ನೂರು ಪದದೊಳಗೆ

ಕಾದಂಬರಿ ಬರೆದವನು ನಾನೇ. ಆದರೂ ಅದರಲ್ಲಿ ಏನಿದೆಯೆಂದು 300 ಪದಗಳಲ್ಲಿ ಹೇಳಿ ಅಂತ ಪ್ರಕಾಶಕರು ಕೇಳಿದಾಗ ಬಾಯಿ ಒಣಗಿತು. ಒಂದು ಪದ ಹೆಚ್ಚಾದರೂ ಪರಿಶೀಲಿಸುವುದಿಲ್ಲ ಎಂಬ ಷರಾ ಬೇರೆ. ನನ್ನ ಸಾರಾಂಶದಲ್ಲಿ 900 ಪದ ದಾಟಿದರೂ ನಾಯಕ ಇನ್ನೂ ಹುಟ್ಟಿರಲಿಲ್ಲ.

ಅಂಕೋಲೆ ಕಡೆಯ ದಿನಕರ ದೇಸಾಯಿಯವರಿಗೆ ನಾಲ್ಕೇ ಸಾಲಿನ ಚುಟುಕ ಸಾಕಾಗುತ್ತಿತ್ತು, ನಿಜ. ಆದರೆ ನಮ್ಮ ಹಿರೇಗುತ್ತಿಗೆ ಹತ್ತಿರದ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ'ಯನ್ನು 'ಮುಂಬಯಿಯಲ್ಲಿ ನಾಗಪ್ಪನ ನೌಕರಿಗೆ ಕುತ್ತು ಬಂತು' ಎಂದು ಮುಗಿಸಿದ್ದರೆ 1979ರಲ್ಲಿ ಯಾರು ಕೊಳ್ಳುತ್ತಿದ್ದರು?

ಅತ್ತೆ, ಪೋಸ್ಟ್‌ಮ್ಯಾನ್, ಗೋಕರ್ಣದ ಭಟ್ಟರು, ಎಲ್ಲರನ್ನೂ ಸಾರಾಂಶದಿಂದ ಮುಲಾಜಿಲ್ಲದೆ ಹೊರಗೆ ಹಾಕಿದೆ. ಸಾಲಲಿಲ್ಲ. ಆಗ ಹೊಳೆಯಿತು: ಕಂಪ್ಯೂಟರು ಎಣಿಸುವುದು ಪದವನ್ನಲ್ಲ, ನಡುವಿನ ಖಾಲಿ ಜಾಗವನ್ನು! 'ಕದ್ದು ಓಡಿ ಹೋಗಿ ಬಿಟ್ಟಿದ್ದ' ನಾಲ್ಕು ಪದ, 'ಕದ್ದೋಡಿಹೋಗಿಬಿಟ್ಟಿದ್ದ' ಒಂದೇ. ಮೂರು ಲಾಭ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಪಕ್ಕದಲ್ಲಿ ಕೂತು ಸಂಧಿ ಮಾಡಿಸುತ್ತಿದ್ದಾನೆ ಅನ್ನಿಸಿತು. ಆಸೆ ಹೆಚ್ಚಿತು. 'ಉಪ್ಪುನೀರ್ನುಗ್ಗಿದಗಜನಿಯಂಚಿನಮುರುಕುಮನೆಯಲ್ಲಿ' ಎಂದು ಗಟ್ಟಿಯಾಗಿ ಓದಿದೆ. 'ಗಜನಿಯಂಚಿನ' ತನಕ ದಮ್ಮಿತ್ತು. 'ಮುರುಕು' ಎನ್ನುವಾಗ ಕಣ್ಣು ಮೇಲಾಯಿತು. ಹೆಂಡತಿ ನೀರು ತಂದವಳು ಪರದೆ ನೋಡಿ, "ಇದೆಂತದು, ಗೋಕರ್ಣ ರೋಡ್ ಸ್ಟೇಷನ್ನಲ್ಲಿ ನಿಲ್ಲದೇ ಹೋಗೋ ಗೂಡ್ಸ್ ಗಾಡಿ ಹಂಗೆ?" ಅಂದಳು. ಡಬ್ಬಿಗಳನ್ನು ಬಿಚ್ಚಿದೆ.

ಪ್ರಕಾಶಕರ ಕಡೆಯ ಹುಡುಗ ಫೋನಿನಲ್ಲಿ ಉಪಾಯ ಹೇಳಿದ: "ಸರ್, ಆ ಕಗ್ಗ-ಗಿಗ್ಗ ತೆಗೀರಿ, ಕಥೆಗೆ ಬೇಡ." ಮೈ ಉರಿಯಿತು. ಕಗ್ಗವೆಂದರೆ ಉಪ್ಪುನೀರಿನಲ್ಲೂ ತೆನೆ ಬಿಡುವ ಭತ್ತ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಅಘನಾಶಿನಿ ಹೊಳೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರಿನ ಗದ್ದೆಗಳಲ್ಲಿ, ಕಟ್ಟೆ ಒಡೆಯಿತು, ಸಿಗಡಿ ಹೊಂಡ ಬಂತು, ಬಿತ್ತುವವರು ಕಡಿಮೆಯಾದರು. ಇದನ್ನು ತೆಗೆದರೆ ನನ್ನ ನಾಯಕ ಮುಂಬಯಿಗೆ ಹೋದದ್ದು ಯಾಕೆ, ಗಾಳಿ ತಿನ್ನಲಿಕ್ಕಾ?

ಕಗ್ಗ ಉಳಿಸಿದೆ. ಪ್ರೇಮಪ್ರಸಂಗ ತೆಗೆದೆ, ಕೋರ್ಟು ಕಚೇರಿ ತೆಗೆದೆ. 300ಕ್ಕೆ ಸರಿಯಾಗಿ ನಿಂತಿತು, ಕಳಿಸಿದೆ.

ಪ್ರಕಾಶಕರಲ್ಲಿ ಒಂದು ವಿನಂತಿ: ಕಾದಂಬರಿಯಲ್ಲಿ ನಾಯಕ ಕೊನೆಗೆ ಸಾಯುತ್ತಾನೆ. ಸಾರಾಂಶದಲ್ಲಿ ಬದುಕಿದ್ದಾನೆ, ಸಾಯಿಸಲು ಜಾಗ ಸಾಲಲಿಲ್ಲ. ದಯವಿಟ್ಟು ಎರಡನ್ನೂ ತಾಳೆ ನೋಡಬೇಡಿ.