ರಾಯಚೂರು ಸೀಮೆಯ ಪಾಸ್‌ವರ್ಡ್‌ಗಳ ಗಟ್ಟಿತನ: ಒಂದು ಮಹಾಪ್ರಬಂಧದ ಸಾರಲೇಖ

ಪಾಸ್‌ವರ್ಡ್ ಪರೀಕ್ಷೆ ಪಾಶ್ಚಾತ್ಯರ ಶಾಸ್ತ್ರವೆಂಬ ಪೂರ್ವಪಕ್ಷವನ್ನು ಆರಂಭದಲ್ಲೇ ಖಂಡಿಸುತ್ತೇವೆ. ಅದು ಹುಟ್ಟಿದ್ದು ರಾಯಚೂರು ಕೋಟೆಯ ಬುಡದಲ್ಲಿ. 1520ರ ಮುತ್ತಿಗೆಯಲ್ಲಿ ಗೋಡೆಯ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಕೃಷ್ಣದೇವರಾಯನ ಕಡೆಯವರು ಹಣ ಕೊಡುತ್ತಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ತಂತ್ರಾಂಶದ ದೋಷ ಹುಡುಕಿ ತಂದವರಿಗೆ ಹೀಗೆಯೇ ಹಣ ಕೊಡುವುದನ್ನು ಇಂದಿನ ಕಂಪನಿಗಳು 'ಬಗ್ ಬೌಂಟಿ' ಎಂದು ಕರೆದು ಬೀಗುತ್ತಿವೆ. 1294ರ ಶಾಸನ ಹೊತ್ತ, 41 ಅಡಿ ಮೀರಿದ ಒಂಟಿ ಕಲ್ಲಿದ್ದ ಆ ಕೋಟೆ ಶರಣಾದದ್ದು ಕಿಲ್ಲೇದಾರ ಹೊರಗೆ ಇಣುಕಿ ಗುಂಡೇಟು ತಿಂದ ಮೇಲೆ. ಗೋಡೆಗಿಂತ ಇಣುಕುವವನೇ ದುರ್ಬಲ ಎಂಬ ಸೂತ್ರ ಇಲ್ಲಿಂದ ಸಿದ್ಧ.

ಪ್ರತ್ಯಕ್ಷ ಪ್ರಮಾಣಕ್ಕೆ ದೇವದುರ್ಗದ ಆನ್‌ಲೈನ್ ಸೆಂಟರ್ ಒಂದನ್ನು ಊಹಿಸಿಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೆ ಬಂದ ಹುಡುಗಿ, "ಅಣ್ಣಾ, ಪಾಸ್‌ವರ್ಡ್ ಏನ್ ಇಡ್ಬೇಕ್ರಿ?" ಎನ್ನುತ್ತಾಳೆ. "ಎಲ್ಲಾರ್ದೂ ಒಂದ ಐತವ್ವ, ನಿಂದೂ ಅದ ಇಡ್ತೀನಿ." ಮರೆಯಬಾರದೆಂದು ಅದನ್ನು ಜೆರಾಕ್ಸ್ ಮಷೀನಿನ ಮೇಲಿನ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆಯ ಮನೆಯಲ್ಲಿ, ಕೆಂಪು ಶಾಯಿಯಲ್ಲಿ ಸೆಂಟರಿನವನು ಬರೆದಿಟ್ಟಿರುತ್ತಾನೆ. ಇದಕ್ಕೆ ಯಾವ ತಂತ್ರಾಂಶ ಅಂಕ ಕೊಟ್ಟೀತು?

ಹೀಗೆ ಎಲ್ಲರಿಗೂ ಕಾಣುವಂತೆ ಇಡಬಹುದಾದದ್ದು ಬೇರೆಯೇ ಇದೆ. ಮಾನ್ವಿಯ ಹರಿದಾಸ ಜಗನ್ನಾಥದಾಸರು 'ಜಗನ್ನಾಥವಿಠ್ಠಲ' ಅಂಕಿತವನ್ನು ಕೃತಿಗಳಲ್ಲಿ ಬಹಿರಂಗವಾಗಿಯೇ ಇಟ್ಟರು. ನಮ್ಮ ಪರಿಭಾಷೆಯಲ್ಲಿ ಅದು ಯೂಸರ್ ನೇಮ್. ಭಕ್ತರು ಅದನ್ನೇ ಪಾಸ್‌ವರ್ಡ್ ಮಾಡಿಕೊಂಡರೆ ಮಾತ್ರ ಕಷ್ಟ. 1996ರಿಂದ ಮುಕ್ತವಾಗಿ ಸಿಗುವ, ಪಾಸ್‌ವರ್ಡ್ ಮುರಿದು ನೋಡುವ ತಂತ್ರಾಂಶ 'ಜಾನ್ ದಿ ರಿಪ್ಪರ್' ಮೊದಲು ತಿರುಚಿ ನೋಡುವುದೇ ಯೂಸರ್ ನೇಮನ್ನು. (ನಿಮ್ಮ ಗೋಡೆಯನ್ನಷ್ಟೇ ಅದರಿಂದ ಪರೀಕ್ಷಿಸಿ, ಪಕ್ಕದ ಮನೆಯದನ್ನಲ್ಲ.)

ಇನ್ನು 2012ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿ ಹೊರತಂದ, ಪಾಸ್‌ವರ್ಡಿನ ಗಟ್ಟಿತನ ಅಳೆಯುವ ತಂತ್ರಾಂಶ 'ಝಡ್‌ಎಕ್ಸ್‌ಸಿವಿಬಿಎನ್'. ಕೀಬೋರ್ಡಿನ ಕೆಳಸಾಲಿನ ಆರು ಅಕ್ಷರಗಳೇ ಇದರ ಹೆಸರು. ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತದೆ. 'ಎ' ಬದಲು ಅಟ್ ಚಿಹ್ನೆ ಹಾಕಿದ ಜಾಣತನ, ಹುಟ್ಟಿದ ದಿನಾಂಕ ಎಲ್ಲವನ್ನೂ ಹಿಡಿಯುತ್ತದೆ. ಆದರೆ ಅದರ ಪದಕೋಶದಲ್ಲಿರುವುದು ಅಮೆರಿಕದವರ ಹೆಸರು, ಇಂಗ್ಲಿಷ್ ವಿಕಿಪೀಡಿಯದ ಪದ, ಅಲ್ಲಿನ ಟಿವಿ ಮಾತು. ಜೆನ್ನಿಫರ್ ಬಂದರೆ ಗದರುವ ಪರೀಕ್ಷಕನಿಗೆ ನಮ್ಮ ಸೀಮೆಯ ಗಬ್ಬೂರು, ತೀನ್ ಕಂದೀಲ್ ಎಂಬ ಸ್ಥಳಗಳ ಹೆಸರೆಂದರೆ ಯಾವುದೋ ಬೀಜಮಂತ್ರ. ಕದಿಯುವವನು ನಮ್ಮ ಓಣಿಯವನೇ ಆದರೆ ಈ ಅಂಕಪಟ್ಟಿಗೆ ಬೆಲೆಯಿಲ್ಲ.

ಅದೃಷ್ಟಕ್ಕೆ ಇದರ ಮೂಲಸಂಕೇತ ಮುಕ್ತವಾಗಿದೆ, ನಮ್ಮದೇ ಪದಪಟ್ಟಿ ಸೇರಿಸಲೂ ಅವಕಾಶವಿದೆ. ರಾಯಚೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ರಾಯಚೂರು, ದೇವದುರ್ಗ, ಮಾನ್ವಿ ಮೂರೂ ತಾಲ್ಲೂಕಿನ ಊರು, ದೇವರು, ಸೋನಾ ಮಸೂರಿ ಅಕ್ಕಿ, ಗಾಡಿ ನಂಬರಿನ ಕೆಎ 36 ಎಲ್ಲವನ್ನೂ ಪಟ್ಟಿಮಾಡಬೇಕೆಂದು ಕೋರುತ್ತೇವೆ. ಓದುಗರೇ, ನೀವೂ ನಿಮ್ಮ ಓಣಿಯ ಪದಗಳನ್ನು ಅವರಿಗೆ ಕೊಡಿ. ಪಾಸ್‌ವರ್ಡ್ ಮಾತ್ರ ಕೊಡಬೇಡಿ.