ಮೊದಲ ಸಾಲಿಗೊಂದು ಹೆಣ ಬೇಕಾಗಿದೆ

ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಆಹ್ವಾನ ಹೊರಬಿದ್ದರೆ ಸಾಕು, ಕನ್ನಡ ಕಥಾಲೋಕದಲ್ಲಿ ಸಾವುಗಳು ಏಕಾಏಕಿ ಏರುತ್ತವೆ. ಹೆಣ ಬೀಳುವುದು ಕಥೆಯ ನಡುವಲ್ಲೂ ಅಲ್ಲ, ಕೊನೆಯಲ್ಲೂ ಅಲ್ಲ, ಮೊದಲ ಸಾಲಿನಲ್ಲೇ. ‘ತೀರಿಕೊಂಡ ಮೂರನೆಯ ದಿನ ಅಪ್ಪನ ಫೋನ್ ಬಂತು.’ ಓದುಗ ಬೆಚ್ಚಿಬಿದ್ದ. ಎರಡನೆಯ ಪ್ಯಾರಾದಲ್ಲಿ ನಾಯಕ ಕಾಫಿ ಕುಡಿಯುತ್ತಾನೆ, ಮೂರನೆಯದರಲ್ಲಿ ಬಾಲ್ಯ ನೆನೆಯುತ್ತಾನೆ, ಹತ್ತನೆಯದರಲ್ಲಿ ಮಳೆ ಹುಯ್ಯುತ್ತದೆ. ಅಪ್ಪ? ಪಾಪ, ಇನ್ನೂ ಲೈನಿನಲ್ಲೇ ಇದ್ದಾರೆ. ಫೋನ್ ಎತ್ತುವುದನ್ನೇ ಕಥೆಗಾರ ಮರೆತಿದ್ದಾನೆ.

ಇದಕ್ಕೆ ಕಥಾಕಮ್ಮಟಗಳ ಆಶೀರ್ವಾದವೂ ಉಂಟು. ಮೊದಲ ವಾಕ್ಯದಲ್ಲೇ ಓದುಗನ ಕೊರಳಪಟ್ಟಿ ಹಿಡಿಯಿರಿ ಎಂದು ಅಲ್ಲಿ ಹೇಳಿಕೊಡುತ್ತಾರೆ. ಹಿಡಿದ ಮೇಲೆ ಎಲ್ಲಿಗೆ ಕರೆದೊಯ್ಯಬೇಕು ಎನ್ನುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಉದಾಹರಣೆಗೆ ಕಾಫ್ಕಾ ಸದಾ ಸಿದ್ಧ. 1915ರಲ್ಲಿ ಬಂದ ‘ಮೆಟಮಾರ್ಫಸಿಸ್’ನಲ್ಲಿ ಗ್ರೆಗರ್ ಸಂಸ ಬೆಳಗಾಗೆದ್ದರೆ ಹುಳುವಾಗಿದ್ದನಲ್ಲ! ನಮ್ಮ ನಾಯಕರೂ ಅವನ ಹಿಂದೆಯೇ ಹಲ್ಲಿ, ಜಿರಳೆ, ಕುರ್ಚಿಗಳಾಗಿ ಏಳುತ್ತಿದ್ದಾರೆ. ಆದರೆ ಹುಳುವಾದ ಗ್ರೆಗರನ ಚಿಂತೆಯೇನು? ನಾಲ್ಕಕ್ಕೆ ಇಟ್ಟ ಅಲಾರಾಂ ಕೇಳಿಸಲಿಲ್ಲ, ಐದರ ರೈಲು ತಪ್ಪಿತು, ಕಂಪನಿಯವರು ಏನೆನ್ನುತ್ತಾರೋ! ಮೈತುಂಬ ಕಾಲು ಮೂಡಿದರೂ ನೌಕರಿಯ ಭಯ ಬಿಟ್ಟಿಲ್ಲ. ಓದುಗನ ಎದೆಗೆ ನಾಟುವುದು ಆ ಭಯ. ನಮ್ಮವರು ಹುಳುವನ್ನು ಎತ್ತಿಕೊಂಡು ಬಂದರು, ರೈಲನ್ನು ಅಲ್ಲೇ ಬಿಟ್ಟರು.

ತೇಜಸ್ವಿಯವರಂತೂ ಈ ಸ್ಪರ್ಧೆಯ ಮೊದಲ ಸುತ್ತಿನಲ್ಲೇ ಔಟ್. 1980ರ ‘ಕರ್ವಾಲೊ’ ಶುರುವಾಗುವುದು ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪ ಕೊಳ್ಳಲು ಹೋಗುವುದರಿಂದ. ಹೆಣವಿಲ್ಲ, ಕಿರುಚಾಟವಿಲ್ಲ. ಆ ತುಪ್ಪದ ಜಾಡು ಹಿಡಿದ ಓದುಗ ಮಾತ್ರ ಮಂದಣ್ಣನ ಬೆನ್ನು ಹತ್ತಿ ಹಾರುವ ಓತಿಯ ತನಕ, ಜೀವವಿಕಾಸದ ಬೆರಗಿನ ತನಕ ಹೋಗಿ ನಿಂತಿರುತ್ತಾನೆ.

ಇನ್ನು 1965ರ ‘ಸಂಸ್ಕಾರ’. ಅಲ್ಲಿ ಹೆಣ ನಿಜಕ್ಕೂ ಇದೆ. ಆದರೂ ಅನಂತಮೂರ್ತಿ ಮೊದಲು ತೋರಿಸುವುದು ಕಾಯಿಲೆಯ ಹೆಂಡತಿಗೆ ಮೀಯಿಸುವ ಪ್ರಾಣೇಶಾಚಾರ್ಯರನ್ನು. ನಾರಣಪ್ಪನ ಸಾವಿನ ಸುದ್ದಿ ಹೊತ್ತು ಚಂದ್ರಿ ಬರುವುದು ಆಮೇಲೆ. ಹೆಣ ಕೈಯಲ್ಲಿದ್ದೂ ಮೊದಲ ಸಾಲಿಗೆ ಬಳಸದ ಲೇಖಕ! ಇಂದಿನ ಲೆಕ್ಕದಲ್ಲಿ ಶುದ್ಧ ದುಂದು. ಆ ಹೆಣವೋ ಅಗ್ರಹಾರವನ್ನೇ ಉಪವಾಸ ಕೆಡವುತ್ತದೆ, ಆಚಾರ್ಯರನ್ನು ಊರು ಬಿಡಿಸುತ್ತದೆ. ನಮ್ಮ ಹೆಣಗಳು ಮೊದಲ ಸಾಲಿನಲ್ಲಿ ಹಾಜರಿ ಹಾಕಿ ರಜೆ ಹೋಗುತ್ತವೆ.

ತೀರ್ಪುಗಾರರು ಕಥೆಗಳ ಕಟ್ಟಿನಲ್ಲಿ ಮೊದಲ ಸಾಲನ್ನಷ್ಟೇ ಓದುತ್ತಾರೆಂದು ಕಥೆಗಾರರ ಗುಮಾನಿ. ಕಥೆಗಾರರು ಮೊದಲ ಸಾಲನ್ನಷ್ಟೇ ಬರೆಯುತ್ತಾರೆಂದು ತೀರ್ಪುಗಾರರ ಗೊಣಗಾಟ. ಇಬ್ಬರೂ ಇಷ್ಟು ಹೊಂದಿಕೊಂಡ ಮೇಲೆ ಉಳಿದ ಪುಟಗಳ ಹೊರೆ ಯಾಕೆ? ಒಂದೇ ಸಾಲಿನ ಸ್ಪರ್ಧೆ ಇಟ್ಟುಬಿಡಿ. ಇದೇನೂ ಹೊಸದಲ್ಲ, ಅಮೆರಿಕದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1982ರಲ್ಲೇ ಅಂಥದ್ದು ಶುರುವಾಗಿತ್ತು. ಬರೆಯದ ಕಾದಂಬರಿಗೊಂದು ಆರಂಭದ ವಾಕ್ಯ ಕಳಿಸಬೇಕಿತ್ತು, ಅತಿ ಕೆಟ್ಟದ್ದಕ್ಕೆ ಬಹುಮಾನ. ಅಲ್ಲಿಯವರು ಬೇಕೆಂದೇ ಕೆಟ್ಟದಾಗಿ ಬರೆಯಲು ಹೆಣಗಾಡುತ್ತಿದ್ದರು. ನಮ್ಮವರಿಗೆ ಆ ಶ್ರಮವೂ ಇಲ್ಲ.